ಕಳ್ಳನಲ್ಲದ ಕಳ್ಳನ ಸಾಧನೆ

ನಿಂಜಾ ಅಂದ ಕೂಡಲೇ ಕಣ್ಣ ಮುಂದೆ ಬರೋದು ಏನು? ಕರಿ ಬಟ್ಟೆ, ಮುಖಕ್ಕೆ ಮುಸುಕು, ಬೆನ್ನಿಗೆ ಕತ್ತಿ. ಒಂದೇ ನೆಗೆತಕ್ಕೆ ಮಾಳಿಗೆ ಹತ್ತುತ್ತಾನೆ, ಹೊಗೆ ಎಬ್ಬಿಸಿ ಮಾಯವಾಗುತ್ತಾನೆ. ಸಿನಿಮಾದವರು ನಮಗೆ ಕಲಿಸಿದ ಪಾಠ ಇಷ್ಟೇ. ಮನೆಯಲ್ಲಿ ಮಕ್ಕಳಿದ್ದರೆ 'ನಿಂಜಾ ಹಟ್ಟೋರಿ' ಕಾರ್ಟೂನೂ ಗೊತ್ತಿರುತ್ತೆ. ಅದರಲ್ಲಿ ಹಟ್ಟೋರಿ ಇಗಾ ಕಡೆಯವನು, ಅವನ ಎದುರಾಳಿ ಕೆಮುಮಾಕಿ ಕೋಗಾ ಕಡೆಯವನು. ತಮಾಷೆ ಅಂದರೆ, ಈ ಎರಡು ಊರುಗಳು ಮಾತ್ರ ಅಪ್ಪಟ ನಿಜ. ಇಗಾ ಇರುವುದು ಜಪಾನಿನ ಮಿಯೆ ಪ್ರಾಂತ್ಯದಲ್ಲಿ, ಕೋಗಾ ಪಕ್ಕದ ಶಿಗಾ ಪ್ರಾಂತ್ಯದಲ್ಲಿ. ನಡುವೆ ಬೆಟ್ಟಸಾಲು. ನಿಂಜಾ ವಿದ್ಯೆಗೆ ಹೆಸರಾದ ಸೀಮೆ ಇವೇ.

ಇಲ್ಲಿ ದೊಡ್ಡ ದೊರೆ ಅಂತ ಯಾರೂ ಗಟ್ಟಿಯಾಗಿ ಕೂತಿರಲಿಲ್ಲ. ಸಣ್ಣಪುಟ್ಟ ಜಮೀನಿನ ಮನೆತನಗಳು. ದಿನ ಬೆಳಗಾದರೆ ಉಳುಮೆ, ಹೊತ್ತು ಬಂದರೆ ಕತ್ತಿ. ಊರಿನ ಕಾರುಬಾರು ತಾವೇ ನಡೆಸಿಕೊಂಡು, ಹೊರಗಿನ ದೊರೆಗಳಿಗೆ ಕೂಲಿಗೆ ಬೇಹುಗಾರಿಕೆ ಮಾಡಿಕೊಡುತ್ತಿದ್ದರು. 1579ರಲ್ಲಿ ಓಡಾ ನೊಬುಕಾತ್ಸು ಇಗಾ ಮೇಲೆ ದಂಡೆತ್ತಿ ಬಂದು ಚೆನ್ನಾಗಿ ಪೆಟ್ಟು ತಿಂದು ಹೋದ. ಎರಡು ವರ್ಷ ಕಳೆದು 1581ರಲ್ಲಿ ಅವನಪ್ಪ ನೊಬುನಾಗಾ ಭಾರಿ ಸೈನ್ಯ ನುಗ್ಗಿಸಿ ಇಡೀ ಸೀಮೆಯನ್ನು ಸುಟ್ಟು ಹಾಕಿಸಿದ. ಉಳಿದವರು ದಿಕ್ಕಾಪಾಲಾದರು. ಮರುವರ್ಷ ತೊಕುಗಾವಾ ಇಯೆಯಾಸು ಪ್ರಾಣ ಉಳಿಸಿಕೊಳ್ಳಲು ಇಗಾ ಬೆಟ್ಟ ದಾಟಿ ಓಡಬೇಕಾಗಿ ಬಂದಾಗ ದಾರಿ ಕಾದವರು ಇದೇ ಜನ. ಅವನು ಉಪಕಾರ ಮರೆಯಲಿಲ್ಲ, ಕೆಲಸ ಕೊಟ್ಟ. ಹಟ್ಟೋರಿ ಹಂಜೋ ಎಂಬ ಮುಖಂಡನ ಹೆಸರಿನಲ್ಲಿ ಟೋಕಿಯೋ ಅರಮನೆಗೆ ಇವತ್ತಿಗೂ ಒಂದು ಬಾಗಿಲಿದೆ, ನೆಲದಡಿಯ ರೈಲಿನ ಒಂದು ಲೈನೂ ಇದೆ.

ಇನ್ನು ವಿದ್ಯೆಯ ಮಾತು. 1676ರಲ್ಲಿ ಇಗಾದ ಫುಜಿಬಾಯಾಶಿ ಎಂಬ ಮನೆತನದವನೊಬ್ಬ 'ಬನ್‌ಸೆನ್‌ಶುಕಾಯ್' ಅನ್ನೋ ದೊಡ್ಡ ಗ್ರಂಥ ಬರೆದಿಟ್ಟ. ಬೀಗ ತೆಗೆಯುವುದು, ಗೋಡೆ ಹತ್ತುವುದು, ಬೆಂಕಿ ಹಚ್ಚುವುದು, ಬೆಕ್ಕಿನ ಕಣ್ಣಿನ ಪಾಪೆ ನೋಡಿ ಹೊತ್ತು ಎಷ್ಟಾಯಿತೆಂದು ಹೇಳುವುದು, ಎಲ್ಲಾ ಉಂಟು. ಆದರೆ ಇದ್ಯಾವುದಕ್ಕೂ ಮೊದಲು ಅವನು ಹೇಳುವ ಪಾಠ 'ಸೇಶಿನ್'. ಅಂದರೆ ನೆಟ್ಟಗಿರುವ ಮನಸ್ಸು.

ಬೇಹುಗಾರನಿಗೆ ಯಾತಕ್ಕೆ ಸ್ವಾಮಿ ನೆಟ್ಟಗಿನ ಮನಸ್ಸು? ಯಾತಕ್ಕೆಂದರೆ, ರಾತ್ರಿ ಇನ್ನೊಬ್ಬರ ಮನೆಗೆ ನುಗ್ಗುವ ವಿದ್ಯೆ ಕಳ್ಳನಿಗೂ ಇವನಿಗೂ ಒಂದೇ. ಅದೇ ಕೊಕ್ಕೆ, ಅದೇ ಹಗ್ಗ, ಅದೇ ಕತ್ತಲು. ಸ್ವಂತ ಲಾಭಕ್ಕೆ ಬಳಸಿದರೆ ಅದು ಬರೀ ಕಳ್ಳತನ ಅಂತ ಗ್ರಂಥ ಖಡಾಖಂಡಿತವಾಗಿ ಹೇಳುತ್ತೆ. 1594ರಲ್ಲಿ ಕ್ಯೋಟೋದಲ್ಲಿ ಕುದಿಯುವ ಹಂಡೆಗೆ ಹಾಕಿ ಕೊಂದ ಇಶಿಕಾವಾ ಗೋಯೆಮೊನ್ ಎಂಬ ಕುಖ್ಯಾತ ಕಳ್ಳ ಇಗಾದಲ್ಲೇ ಕಲಿತವನು ಅಂತ ಜನರ ಬಾಯಲ್ಲಿ ಕಥೆ ಇದೆ. ಕಥೆಯೇ ಇರಬಹುದು. ಆದರೆ ಅಂಥ ಕಥೆ ಹುಟ್ಟಿದ್ದೇ ಆ ಭಯಕ್ಕೆ ಸಾಕ್ಷಿ.

ನಿಂಜಾ ಪದದ 'ನಿನ್' ಅಕ್ಷರವನ್ನು ಬರೆಯುವ ರೀತಿಯೂ ಸ್ವಾರಸ್ಯ. ಮೇಲೆ ಕತ್ತಿಯ ಅಲಗು, ಕೆಳಗೆ ಹೃದಯ. ಅರ್ಥ: ಸಹಿಸು, ಮರೆಯಾಗಿರು.

ಮೈ ಪಳಗಿಸುವ ಕೆಲಸ ಸಿನಿಮಾದಷ್ಟು ರಂಗಾಗಿಲ್ಲ. ಮೊದಲು ನಡಿಗೆ. ಕಾಲ ಕಿರುಬೆರಳ ಅಂಚನ್ನು ಮೊದಲು ನೆಲಕ್ಕೆ ತಾಗಿಸಿ, ಆಮೇಲೆ ಮೆಲ್ಲಗೆ ಭಾರ ಬಿಡಬೇಕು. ಜನ ಮಲಗಿರೋ ಮನೆಯಲ್ಲಾದರೆ ಇನ್ನೂ ಕಷ್ಟ: ಎರಡೂ ಅಂಗೈ ನೆಲಕ್ಕೂರಿ, ಕೈಗಳ ಬೆನ್ನ ಮೇಲೆ ತನ್ನದೇ ಪಾದ ಇಟ್ಟುಕೊಂಡು ಸರಿಯಬೇಕು. ಮನೆಯಲ್ಲಿ ಒಮ್ಮೆ ಮಾಡಿ ನೋಡಿ, ಹತ್ತು ಹೆಜ್ಜೆಗೆ ಸೊಂಟ ಹೇಳುತ್ತೆ. ಘಾಟಿನ ಪದಾರ್ಥ ತಿನ್ನೋ ಹಾಗಿಲ್ಲ. ಬೆಳ್ಳುಳ್ಳಿ ತಿಂದವನು ಕತ್ತಲಲ್ಲಿ ಅಡಗಿದರೂ ವಾಸನೆ ಅಡಗೋದಿಲ್ಲ ನೋಡಿ. ದಾರಿಗೆ ಅಕ್ಕಿಹಿಟ್ಟಿಗೆ ಗಿಡಮೂಲಿಕೆ ಸೇರಿಸಿದ ಉಂಡೆ, ನಮ್ಮ ತಂಬಿಟ್ಟಿನ ದೂರದ ನೆಂಟ ಅನ್ನಿ. ಬಾಯಾರಿಕೆಗೆ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣಿನ ಗುಳಿಗೆ. 'ಕತಾಯಾಕಿ' ಅನ್ನೋ ಬಿಸ್ಕತ್ತು ಇಗಾದಲ್ಲಿ ಈಗಲೂ ಸಿಗುತ್ತೆ. ಅದನ್ನು ಒಡೆಯೋಕೆ ಜೊತೆಗೆ ಮರದ ಸುತ್ತಿಗೆ ಬೇಕು!

ಕರಿ ಬಟ್ಟೆ? ಹಗಲಲ್ಲಿ ಅದನ್ನು ಹಾಕಿಕೊಂಡು ಓಡಾಡುವವನು ಮೊದಲ ದಿನವೇ ಸಿಕ್ಕಿಬೀಳುತ್ತಾನೆ. ವ್ಯಾಪಾರಿ, ಸಂನ್ಯಾಸಿ, ಬೀದಿ ಆಟಗಾರ, ಬೆಟ್ಟದ ಬೈರಾಗಿ, ಹೀಗೆ ಏಳು ವೇಷಗಳನ್ನು ಹೇಳಿಕೊಟ್ಟಿದ್ದರು. ವೇಷ ಹಾಕಿದರೆ ಸಾಲದು. ವ್ಯಾಪಾರಿ ಆದವನಿಗೆ ತಕ್ಕಡಿ ಹಿಡಿಯೋಕೂ ಬರಬೇಕು.

ಈ ಬೆಟ್ಟದ ಬೈರಾಗಿಗಳಿಂದಲೇ ನಿಂಜಾಗಳಿಗೆ ಮಂತ್ರವೂ ಬಂತು. ಬೆರಳಿಗೆ ಬೆರಳು ಹೆಣೆದು ಒಂಬತ್ತು ಅಕ್ಷರ ಹೇಳುತ್ತಾ ಒಂಬತ್ತು ಮುದ್ರೆ. ಆಮೇಲೆ ಎರಡು ಬೆರಳಿಂದ ಗಾಳಿಯಲ್ಲಿ ಅಡ್ಡ ಐದು, ಉದ್ದ ನಾಲ್ಕು ಗೆರೆ. ಮೂಲ ಚೀನಾದ್ದು, ಕ್ರಿ.ಶ. 4ನೇ ಶತಮಾನದ ಗೆ ಹೊಂಗ್ ಬರೆದ ಪುಸ್ತಕದಲ್ಲಿ ಬೆಟ್ಟ ಹತ್ತುವವನ ರಕ್ಷೆಗೆ ಅಂತ ಇದೆ. ಇನ್ನೊಂದು ಕೇಳಿ. ಯೋಧರೂ ನಿಂಜಾಗಳೂ ಮೊರೆಹೊಕ್ಕ ದೇವತೆಯ ಹೆಸರು ಮರಿಶಿತೆನ್. ಭಾರತದಿಂದ ಬೌದ್ಧರ ಜೊತೆ ಚೀನಾ ದಾಟಿ ಹೋದ ನಮ್ಮ ಮರೀಚಿಯೇ ಅವಳು. ಸೂರ್ಯನ ಮುಂದೆ ಮುಂದೆ ನಡೆಯುವವಳು, ಯಾರ ಕಣ್ಣಿಗೂ ಬೀಳದವಳು. ನಾವು ಮರೀಚಿಕೆ ಅನ್ನುತ್ತೀವಲ್ಲ, ಅದೇ ಮಾತು. ಅವಳ ಮಂತ್ರದ ಕೊನೆಯ 'ಸ್ವಾಹಾ' ಜಪಾನಿಯರ ಬಾಯಲ್ಲಿ 'ಸೊವಾಕಾ' ಆಗಿದೆ.

ಮಂತ್ರಕ್ಕೆ ಮಾಯವಾಗುತ್ತಿದ್ದರು ಅಂತ ಯಾರೂ ನಂಬಬೇಕಿಲ್ಲ. ಅಟ್ಟದಲ್ಲಿ ಉಸಿರು ಬಿಗಿಹಿಡಿದು ಕೂತವನ ಎದೆ ಬಡಿತ ತಗ್ಗಿಸಲು ಏನಾದರೂ ಬೇಕು. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿದರೆ ಮೈಮನ ಸಡಿಲಾಗುತ್ತೆ ಅಂತ ಮಿಯೆ ವಿಶ್ವವಿದ್ಯಾಲಯದ ವೈದ್ಯರೊಬ್ಬರು 2018ರಲ್ಲಿ ಬರೆದಿದ್ದಾರೆ. ಪ್ರಾಣಾಯಾಮ ಮಾಡುವವರಿಗೆ ಇದು ಹೊಸ ಸುದ್ದಿಯೇನಲ್ಲ.

ನನಗೆ ಹಿಡಿಸಿದ್ದು 'ಮೂರು ರೋಗ'ದ ಮಾತು. ಭಯ ಒಂದು. ಎದುರಾಳಿಯನ್ನು ಹಗುರವಾಗಿ ನೋಡುವುದು ಎರಡು. ಮೂರನೆಯದು ಅತಿಯಾದ ಯೋಚನೆ. ಅಂಗಡಿ ಇಟ್ಟವರು ಯಾರಾದರೂ ಈ ಮೂರರಲ್ಲಿ ಒಂದನ್ನಾದರೂ ಅನುಭವಿಸದೆ ಇದ್ದಾರೆಯೇ? ಜೊತೆಗೆ ಹೆಂಡ, ಹೆಣ್ಣಿನ ಚಪಲ, ದುರಾಸೆ ಮೂರೂ ನಿಷಿದ್ಧ.

ಇಲ್ಲೇ ಒಂದು ಇರಿಸುಮುರಿಸಿನ ಸಂಗತಿ. ತನ್ನ ಆಸೆ ಕಟ್ಟಿಹಾಕಲು ಕಲಿತವನೇ ಬೇರೆಯವರ ಆಸೆ ಬಿಚ್ಚಿ ಬಳಸಲೂ ಕಲಿಯುತ್ತಿದ್ದ. ಸಂತೋಷ, ಸಿಟ್ಟು, ದುಃಖ, ಸುಖ, ಭಯ, ಈ ಐದರಲ್ಲಿ ಕಾವಲುಗಾರನ ದೌರ್ಬಲ್ಯ ಯಾವುದು? ಊಟವೇ, ಹೆಣ್ಣೇ, ಹೊಗಳಿಕೆಯೇ, ದುಡ್ಡೇ? ಗೊತ್ತಾದರೆ ಬಾಗಿಲು ತಾನೇ ತೆರೆಯುತ್ತೆ. ಇದಕ್ಕೆಲ್ಲಾ ಗ್ರಂಥ ಕೊಡುವ ಸಮಜಾಯಿಷಿ ಒಂದೇ: ಒಡೆಯನಿಗಾಗಿ ಮಾಡಿದ್ದು, ತನಗಾಗಿ ಅಲ್ಲ. ಒಡೆಯ ಹೇಳಿದ ಅಂದ ಮಾತ್ರಕ್ಕೆ ಹಚ್ಚಿದ ಬೆಂಕಿ ತಣ್ಣಗಿರುತ್ತಾ? ಸುಟ್ಟ ಊರಿನವರಾದ ಇಗಾದವರಿಗೆ ಅದು ಗೊತ್ತಿಲ್ಲದ್ದೇನಲ್ಲ.

ಯುದ್ಧ ನಿಂತಿತು, ಶಾಂತಿ ಬಂತು, ಒಡೆಯರಿಗೆ ಇವರು ಬೇಡವಾದರು. 1789ರಲ್ಲಿ ಕೋಗಾದ ಕೆಲವರು ಇದೇ ಗ್ರಂಥದ ಪ್ರತಿ ಹೊತ್ತುಕೊಂಡು ರಾಜಧಾನಿಗೆ ಹೋಗಿ, ನಮ್ಮ ಹತ್ತಿರ ಇಂಥ ವಿದ್ಯೆ ಇದೆ, ಕೆಲಸ ಕೊಡಿ ಅಂತ ಅರ್ಜಿ ಹಾಕಿಕೊಂಡರು. ಯಾರಿಗೂ ಕಾಣದಂತಿರುವುದೇ ಕಸುಬಾದವರು ನಮ್ಮನ್ನು ನೋಡಿ ಅಂತ ಬಾಗಿಲಲ್ಲಿ ನಿಲ್ಲಬೇಕಾಯಿತು.

1949ರಲ್ಲಿ ಹುಟ್ಟಿದ ಜಿನಿಚಿ ಕಾವಾಕಾಮಿ ಎಂಬವರನ್ನು ಕೊನೆಯ ನಿಂಜಾ ಅಂತ ಕರೆಯುತ್ತಾರೆ. ಆರನೇ ವಯಸ್ಸಿನಿಂದ ಮೇಣದಬತ್ತಿ ಉರಿಯನ್ನೇ ದಿಟ್ಟಿಸುವುದು, ಸೂಜಿ ಬಿದ್ದ ಸದ್ದು ಕೇಳುವುದು, ಚಳಿ ಬಿಸಿಲು ಹಸಿವು ತಡೆಯುವುದು ಕಲಿತೆ ಎನ್ನುತ್ತಾರೆ. ಈ ಕಾಲಕ್ಕೆ ಈ ವಿದ್ಯೆ ಹೊಂದೋದಿಲ್ಲ ಅಂತ ವಾರಸುದಾರನನ್ನು ನೇಮಿಸಲಿಲ್ಲ. ವಿಷ ತಯಾರಿಸೋದು ಗೊತ್ತಿದ್ದರೂ ಪರೀಕ್ಷೆ ಯಾರ ಮೇಲೆ ಮಾಡೋದು ಅನ್ನೋದು ಅವರ ಪ್ರಶ್ನೆ. ಮಿಯೆ ವಿಶ್ವವಿದ್ಯಾಲಯ ಮಾತ್ರ ನಿಂಜಾ ಅಧ್ಯಯನಕ್ಕೆ ಸ್ನಾತಕೋತ್ತರ ತರಗತಿ ತೆರೆಯಿತು. 2020ರಲ್ಲಿ ಮೊದಲ ವಿದ್ಯಾರ್ಥಿ ಪದವಿ ಪಡೆದ. ಹಳೇ ನಿಂಜಾಗಳು ಬೆಳಿಗ್ಗೆ ಹೊಲ ಗೇದು ಮಧ್ಯಾಹ್ನ ಕಸರತ್ತು ಮಾಡುತ್ತಿದ್ದರೆಂದು ಓದಿ, ತಾನೂ ತರಕಾರಿ ಬೆಳೆಯುತ್ತಾ ಓದಿದನಂತೆ.