ಹೊರೆ ಹೊತ್ತ ಬೆನ್ನು

ಹಾಸನದಿಂದ ಬೆಂಗಳೂರಿಗೆ ಬರುವ ಹಾದಿಯಲ್ಲಿ ಸಿಕ್ಕುವ ಶಾಂತಿಗ್ರಾಮದ ಹೆಸರನ್ನು ಕೇಳಿದೊಡನೆ ನಮಗೆ ನೆನಪಾಗುವವಳು ವಿಷ್ಣುವರ್ಧನನ ರಾಣಿ ಶಾಂತಲೆ. ಆದರೆ ಇಂದು ನಾವು ಹೇಳಹೊರಟಿರುವುದು ಆ ಸೀಮೆಯ ಹೊಲಗಳ ಮಾತು. ಮುಂಗಾರಿನಲ್ಲಿ ಬಿತ್ತಿದ ಆಲೂಗೆಡ್ಡೆಯನ್ನು ಅಲ್ಲಿ ಸುಮಾರು ಮೂರು ತಿಂಗಳಿಗೆ ಕೀಳುವರು. ಮಗುಚಿದ ಸಾಲಿನಲ್ಲಿ ಹೆಂಗಸರು ದಿನವಿಡೀ ಬಗ್ಗಿ ಗೆಡ್ಡೆಯನ್ನು ಆಯುವರು. ಗಂಡಸರು 50 ಕಿಲೋ ತೂಗುವ ಮೂಟೆಗಳನ್ನು ಎತ್ತಿ ಗಾಡಿಗೆ ಹೇರುವರು. ಸುಗ್ಗಿ ಮುಗಿಯುವುದರೊಳಗಾಗಿ ಸೊಂಟ ಹಿಡಿಯಿತೆಂದು ಗೋಡೆಗೆ ಒರಗುವವರು ಕೆಲವರಾದರೂ ಇದ್ದೇ ಇರುವರು.

ಇಲ್ಲಿ ಕೆಡುಕು ಮಾಡುವುದು ತೂಕವೊಂದೇ ಅಲ್ಲ, ಆ ತೂಕ ಮೈಯಿಂದ ಇರುವ ದೂರವೂ ಹೌದು. ಏತದ ಮರವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆನ್ನಿನ ಮಾಂಸಖಂಡಗಳು ಬೆನ್ನೆಲುಬಿನ ಬಿಲ್ಲೆಗಳಿಂದ ಸುಮಾರು 5 ಸೆಂಟಿಮೀಟರು ಹಿಂದಿರುವುವು. 10 ಕಿಲೋ ಹೊರೆಯನ್ನು 40 ಸೆಂಟಿಮೀಟರು ಮುಂದೆ ಚಾಚಿ ಹಿಡಿದರೆ, ಅದನ್ನು ಸರಿದೂಗಿಸಲು ಅವು 80 ಕಿಲೋ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು. ಬಗ್ಗಿದ ಮೈಯ ಭಾರ ಬೇರೆ. ಅದೇ ಹೊರೆಯನ್ನು ಮೈಗೆ ಅವುಚಿಕೊಂಡರೆ ಆ ಬಲ ಸುಮಾರು ಅರ್ಧಕ್ಕೆ ಇಳಿಯುವುದು. ಮೊಣಕಾಲು ಮಡಿಸಿಯೇ ಎತ್ತಬೇಕೆಂಬ ಉಪದೇಶವನ್ನು ನಾವೆಲ್ಲರೂ ಕೇಳಿದ್ದೇವೆ. ಆ ವಿಷಯದಲ್ಲಿ ತಜ್ಞರಿಗೇ ಒಮ್ಮತವಿಲ್ಲ. ಹೊರೆ ಮೈಗೆ ಹತ್ತಿರವಿರಬೇಕು, ಎತ್ತುತ್ತ ಸೊಂಟವನ್ನು ತಿರುಚಬಾರದು ಎಂಬ ಮಾತು ಮಾತ್ರ ನಿಜ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರ 1991ರ ಸೂತ್ರದಂತೆ, ಎಲ್ಲವೂ ಅನುಕೂಲವಾಗಿರುವಾಗಲೂ ಒಬ್ಬನು ಎತ್ತತಕ್ಕ ಭಾರ 23 ಕಿಲೋ. ಮೂಟೆಯ ತೂಕ ಇದರ ಎರಡರಷ್ಟಕ್ಕೂ ಹೆಚ್ಚಾಯಿತು. ಇಬ್ಬರು ಸೇರಿ ಎತ್ತುವುದು, ಇಲ್ಲವೆ ಮೂಟೆಯನ್ನೇ ಅರ್ಧ ತುಂಬುವುದು ಒಡೆಯನಿಗೆ ದುಬಾರಿಯಾಗಿ ತೋರಬಹುದು. ಕೂಲಿಯವನ ಬೆನ್ನು ಕೆಟ್ಟರೆ ಅವನ ಮನೆಯ ಒಲೆಯೇ ಆರುವುದೆಂಬುದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೆಡ್ಡೆ ಆಯುವವರು ಆಗಾಗ ನೆಟ್ಟಗೆ ನಿಂತು, ಸೊಂಟಕ್ಕೆ ಕೈಯಿಟ್ಟು ತುಸು ಹಿಂದಕ್ಕೆ ಬಾಗಿದರೆ ಒಳ್ಳೆಯದು. ಪಟ್ಟಣದ ನಮಗೂ ಇದು ದೂರದ ಮಾತಲ್ಲ. ವಾರವೆಲ್ಲ ಕುರ್ಚಿಯಲ್ಲಿ ಕುಳಿತು ಭಾನುವಾರ ಊರಿನ ಹೊಲದಲ್ಲಿ ಪೌರುಷ ತೋರುವವರ ಸೊಂಟ, ಪಳಗಿದ ಕೂಲಿಯವನ ಸೊಂಟಕ್ಕಿಂತ ಬೇಗನೆ ಉಳುಕುವುದು.

ಉಳುಕಿದ ಮೇಲೆ ಏನು ಮಾಡಬೇಕು? ವಾರಗಟ್ಟಲೆ ಹಲಗೆಯ ಮೇಲೆ ಮಲಗಿಸುವುದು ಹಿಂದಿನ ಪದ್ಧತಿ. 1995ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಹೆಲ್ಸಿಂಕಿ ನಗರದ ನೌಕರರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಎರಡು ದಿನ ಹಾಸಿಗೆಯನ್ನೂ, ಇನ್ನೊಂದಕ್ಕೆ ವ್ಯಾಯಾಮವನ್ನೂ ವಿಧಿಸಿದರು. ಮೂರನೆಯ ಗುಂಪಿನವರು ನೋವು ತಡೆಯುವಷ್ಟರ ಮಟ್ಟಿಗೆ ನಿತ್ಯದ ಕೆಲಸದಲ್ಲಿಯೇ ಇದ್ದರು. ಬೇಗ ಚೇತರಿಸಿಕೊಂಡವರು ಈ ಮೂರನೆಯವರೇ! ಆದುದರಿಂದ ನೋವಿದ್ದರೂ ಮೆಲ್ಲಗೆ ನಡೆದಾಡಬೇಕು; ಮೂಟೆಯನ್ನು ಮಾತ್ರ ಮುಟ್ಟಬಾರದು. ಹುರಿದ ಉಪ್ಪಿನ ಗಂಟಿನಿಂದಾಗಲಿ ಬಿಸಿನೀರಿನ ಚೀಲದಿಂದಾಗಲಿ, ಚರ್ಮ ಸುಡದಂತೆ ಶಾಖ ಕೊಟ್ಟರೆ ಹಿತವಾಗುವುದು. ನೋವಿನ ಮಾತ್ರೆಗಳನ್ನು ಬರಿಯ ಹೊಟ್ಟೆಯಲ್ಲಿ ನುಂಗುತ್ತ ಹೋಗುವುದು ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಇಂತಹ ಉಳುಕು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುವುದು.

ಜ್ವರದೊಡನೆ ಬಂದ ನೋವು, ಬಿದ್ದ ಮೇಲೆ ಬಂದ ನೋವು, ರಾತ್ರಿಯೂ ಬಿಡದ ನೋವು, ಇವು ವೈದ್ಯರಿಗೆ ತೋರಿಸತಕ್ಕವು. ಕಾಲಿನಲ್ಲಿ ಬಲ ಕುಗ್ಗಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದೆ ಹೋದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಿಲ್ಲದೆ ಹೋದರೆ, ಎಣ್ಣೆ ತಿಕ್ಕುವವರನ್ನು ಹುಡುಕುತ್ತ ಕೂಡದೆ ರೋಗಿಯನ್ನು ಆ ದಿನವೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.