ಮಿಸೆಸ್ ಆರ್. ಮೇನಾರ್ಡ್ ಅವರ ಸ್ಟುಡಿಯೊ

ಗೋಡೆಗೆ ತೂಗುಹಾಕಿದ ಚೌಕಟ್ಟಿನೊಳಗಿಂದ ಒಬ್ಬ ಹೆಂಗಸು ಹೊರಕ್ಕೆ ಬಾಗಿ, ಕೆಳಗಿರುವವಳ ತಲೆಯ ಮೇಲೆ ಚಹಾ ಸುರಿಯುತ್ತಿದ್ದಾಳೆ. ಅದೇ ಮೇಜಿನ ಬಳಿ ಮತ್ತೊಬ್ಬಳು ಏನೂ ಆಗಿಲ್ಲವೆಂಬಂತೆ ಇದ್ದಾಳೆ. ಮೂವರ ಮುಖವೂ ಒಂದೇ. 1890ರ ದಶಕದ ಈ ಫೋಟೊದಲ್ಲಿರುವವರು ಹ್ಯಾನಾ ಮೇನಾರ್ಡ್, ತೆಗೆದವರೂ ಅವರೇ. ಗಾಜಿನ ಪ್ಲೇಟಿನ ಒಂದು ಭಾಗವನ್ನು ಮರೆಮಾಡಿ ಇನ್ನೊಂದಕ್ಕೆ ಬೆಳಕು ಕೊಟ್ಟು, ಜಾಗ ಬದಲಿಸಿ ಮತ್ತೆ ಬೆಳಕು ಕೊಟ್ಟು ಮಾಡಿದ ಕೆಲಸವಿದು. ಕೂದಲೆಳೆಯಷ್ಟು ತಪ್ಪಿದರೂ ಇಡೀ ಪ್ಲೇಟು ಹಾಳು.

ಅವರ ಸ್ಟುಡಿಯೊ ಇದ್ದದ್ದು ಕೆನಡಾದ ಪಶ್ಚಿಮ ತೀರದ ವಿಕ್ಟೋರಿಯಾದಲ್ಲಿ; ಅವರು ಬಂದಾಗ ಅದು ಚಿನ್ನ ಅರಸುವವರು ಬಂದು ಹೋಗುವ ಪುಟ್ಟ ಊರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ 1834ರಲ್ಲಿ ಹುಟ್ಟಿದ ಹ್ಯಾನಾ, ಬೂಟು ಹೊಲಿಯುವ ಕಸುಬಿನ ರಿಚರ್ಡ್ ಮೇನಾರ್ಡ್ ಅವರನ್ನು ಮದುವೆಯಾಗಿ 1852ರಲ್ಲಿ ಕೆನಡಾಕ್ಕೆ ಬಂದರು. ಹತ್ತು ವರ್ಷದ ಬಳಿಕ ಸಂಸಾರ ವಿಕ್ಟೋರಿಯಾ ಸೇರಿತು. ಸ್ಟುಡಿಯೊ ತೆರೆದದ್ದು ಹ್ಯಾನಾ. ರಿಚರ್ಡ್ ಬೂಟಿನ ವ್ಯಾಪಾರವನ್ನೂ ಚಿನ್ನದ ಹಂಬಲವನ್ನೂ ಇಟ್ಟುಕೊಂಡಿದ್ದವರು. ಕ್ಯಾಮೆರಾ ಹಿಡಿಯಲು ಕಲಿತದ್ದು ಹೆಂಡತಿಯಿಂದ.

ಆಮೇಲೆ ಕೆಲಸ ತಾನಾಗಿ ಹಂಚಿಹೋಯಿತು. ಊರಿನ ಮುಖಗಳು ಹ್ಯಾನಾ ಪಾಲಿಗೆ, ಊರಾಚೆಯ ನೋಟಗಳು ರಿಚರ್ಡ್ ಪಾಲಿಗೆ. 1868ರಲ್ಲಿ ರಿಚರ್ಡ್ ಚಿನ್ನದ ಗಣಿಗಳ ಊರಾದ ಬಾರ್ಕರ್‌ವಿಲ್‌ಗೆ ಹೋಗಿ ಫೋಟೊ ತೆಗೆದರು. ಆ ಊರು ಅದೇ ವರ್ಷ ಬೆಂಕಿಗೆ ಆಹುತಿಯಾಯಿತು. ಇತ್ತ ಹ್ಯಾನಾ 1881ರಿಂದ ಸುಮಾರು ಹದಿನೈದು ವರ್ಷ, ಆಯಾ ವರ್ಷ ಸ್ಟುಡಿಯೊಗೆ ಬಂದ ಮಕ್ಕಳ ಫೋಟೊಗಳಿಂದ ಮುಖಗಳನ್ನೆಲ್ಲ ಕತ್ತರಿಸಿ ಒಂದೇ ಹಾಳೆಯಲ್ಲಿ ಜೋಡಿಸಿ, ಮತ್ತೆ ಫೋಟೊ ತೆಗೆದು ಗಿರಾಕಿಗಳಿಗೆ ಹಂಚಿದರು. ಈ ‘ಬ್ರಿಟಿಷ್ ಕೊಲಂಬಿಯಾದ ರತ್ನಗಳು’ ಮಾಲೆ ಒಳ್ಳೆಯ ಜಾಹೀರಾತೂ ಹೌದು, ಊರೊಂದರ ಮಕ್ಕಳ ದಾಖಲೆಯೂ ಹೌದು. 1883ರಲ್ಲಿ ಅವರ ಮಗಳು ಲಿಲ್ಲಿ ಹದಿಹರೆಯದಲ್ಲೇ ತೀರಿಕೊಂಡಳು; ಮಾಲೆ ನಿಲ್ಲಲಿಲ್ಲ.

ಯಾವ ಚಿತ್ರ ಯಾರದು ಎಂದು ಹುಡುಕುವ ಸಂಶೋಧಕರಿಗೆ ತೊಡಕಾಗುವುದು ಫೋಟೊಗಳ ಮೇಲಿನ ಸ್ಟುಡಿಯೊ ಮುದ್ರೆಗಳಲ್ಲಿ. ಹ್ಯಾನಾ ತಮ್ಮ ಕೆಲಸಕ್ಕೆ ‘ಮಿಸೆಸ್ ಆರ್. ಮೇನಾರ್ಡ್’ ಎಂದು ಮುದ್ರೆ ಹಾಕಿಸಿದರು, ಅದರಲ್ಲಿ ಗಂಡನ ಮೊದಲಕ್ಷರವಿದೆ, ತಮ್ಮದಿಲ್ಲ. ರಿಚರ್ಡ್ ಮುದ್ರೆ ಬೇರೆ. ಆದರೆ ರಿಚರ್ಡ್ ಪ್ರವಾಸಗಳಲ್ಲಿ ಹ್ಯಾನಾ ಜೊತೆಗಿದ್ದದ್ದೂ ಉಂಟು. ಒಂದೇ ಮನೆಯ ಕತ್ತಲೆ ಕೋಣೆಯಲ್ಲಿ ತೊಳೆದು ಅಚ್ಚುಹಾಕಿದ ಚಿತ್ರವನ್ನು ಮುದ್ರೆ ನೋಡಿ ಒಬ್ಬರದೇ ಎನ್ನುವುದು ಅನ್ಯಾಯವಾದೀತು. ಮುದ್ರೆ, ವಿಳಾಸ, ಪತ್ರಿಕೆಯ ಜಾಹೀರಾತು ಮೂರನ್ನೂ ಎದುರುಬದುರು ಇಟ್ಟು ನೋಡಬೇಕು. ಹ್ಯಾನಾ 1912ರಲ್ಲಿ ನಿವೃತ್ತರಾಗಿ 1918ರಲ್ಲಿ ತೀರಿಕೊಂಡರು. ಅವರ ನೆಗೆಟಿವ್‌ಗಳು ಪ್ರಾಂತದ ದಾಖಲೆ ಭಂಡಾರ ಸೇರಿದ್ದರಿಂದಲೇ ಈ ಪರಿಶೀಲನೆ ಇಂದು ಸಾಧ್ಯವಾಗಿದೆ.

ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1865ರಲ್ಲಿ ಕಟ್ಟುತ್ತಿದ್ದ ಟೌನ್ ಹಾಲಿನ ಗೋಪುರವೇರಿ ಇಡೀ ನಗರವನ್ನು ಸುತ್ತಲೂ ಸೆರೆಹಿಡಿದ ಟೌನ್‌ಸೆಂಡ್ ಡುರಿಯಾ ಅವರ ಸ್ಟುಡಿಯೊ, 1875ರಲ್ಲಿ ನೆಗೆಟಿವ್‌ಗಳ ಸಮೇತ ಸುಟ್ಟುಹೋಯಿತು. ಉಳಿದುಕೊಂಡ ಕೆಲಸವೂ ಇದೆ: ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಎಲಿಜಬೆತ್ ಪುಲ್ಮನ್ ಮತ್ತು ಜಾರ್ಜ್ ಪುಲ್ಮನ್ 1867ರಲ್ಲಿ ಸ್ಟುಡಿಯೊ ಆರಂಭಿಸಿದರು. ನಾಲ್ಕೇ ವರ್ಷದಲ್ಲಿ ಗಂಡ ತೀರಿಕೊಂಡ ಮೇಲೂ ಎಲಿಜಬೆತ್ ಅದನ್ನು ದಶಕಗಳ ಕಾಲ ನಡೆಸಿದರು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಮುಖಂಡರ ಅವರ ಭಾವಚಿತ್ರಗಳು ಇಂದಿಗೂ ಉಳಿದಿವೆ.

ಆಸ್ಟ್ರೇಲಿಯಾದ ಪರ್ತ್ ನಗರದ ವಿಲೆಟನ್ ಬಡಾವಣೆಯಲ್ಲಿ ಕೂತವರಿಗೂ ಇಂಥ ಹುಡುಕಾಟ ದೂರದ್ದಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣದಲ್ಲಿ ಹತ್ತೊಂಬತ್ತನೆಯ ಶತಮಾನದ ಪತ್ರಿಕೆಗಳನ್ನು ಉಚಿತವಾಗಿ ಓದಬಹುದು. ಸ್ಟುಡಿಯೊದ ಹೆಂಗಸರನ್ನು ಅಲ್ಲಿ ಗಂಡನ ಹೆಸರಿನಿಂದಲೂ ಹುಡುಕಬೇಕು. ಪಶ್ಚಿಮ ಆಸ್ಟ್ರೇಲಿಯಾದ ಹಳೆಯ ಚಿತ್ರಗಳಿಗೆ ಪರ್ತ್‌ನಲ್ಲೇ ರಾಜ್ಯ ಗ್ರಂಥಾಲಯವಿದೆ. ಊರಿನಿಂದ ಪೆಟ್ಟಿಗೆಯಲ್ಲಿ ಬಂದ ಅಜ್ಜ ಅಜ್ಜಿಯ ಫೋಟೊ ಇದ್ದವರು ಮೊದಲು ಅದರ ಬೆನ್ನನ್ನು ಸ್ಕ್ಯಾನ್ ಮಾಡಿಕೊಳ್ಳಲಿ. ಅಂಟಿಸಿರುವ ರಟ್ಟಿನಿಂದ ಚಿತ್ರ ಕೀಳಬಾರದು: ಸ್ಟುಡಿಯೊದ ಹೆಸರು, ಊರು, ಪೆನ್ಸಿಲಿನಲ್ಲಿ ಬರೆದ ನೆಗೆಟಿವ್ ಸಂಖ್ಯೆ ಇರುವುದು ಆ ರಟ್ಟಿನ ಮೇಲೆಯೇ.