ಬಂಧಿತನೂ ಅವನ ವಕೀಲನೂ: ಒಂದು ಹಕ್ಕಿನ ಚರಿತ್ರೆ

ಪೋಲೀಸರ ವಶದಲ್ಲಿರುವ ಮನುಷ್ಯನಿಗೆ ಮೊದಲು ಬೇಕಾಗುವುದು ಕಾನೂನಿನ ಜ್ಞಾನ. ಆ ಸ್ಥಿತಿಯಲ್ಲಿ ಅವನಿಗೆ ದೊರೆಯಲು ಅತ್ಯಂತ ಕಷ್ಟವಾದ ವಸ್ತುವೂ ಅದೇ. ಈ ಕೊರತೆಯನ್ನು ತುಂಬುವವನು ವಕೀಲ. ಬಂಧಿತನು ತನ್ನ ಆಯ್ಕೆಯ ನ್ಯಾಯವಾದಿಯೊಡನೆ ಸಮಾಲೋಚಿಸಬಹುದು, ಅವನ ಮೂಲಕ ತನ್ನನ್ನು ಸಮರ್ಥಿಸಿಕೊಳ್ಳಬಹುದು ಎಂಬ ಮಾತು ಇಂದು ನಮಗೆ ಸ್ವಯಂಸಿದ್ಧವೆಂಬಂತೆ ತೋರುತ್ತದೆ. ಆದರೆ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಇದು ಬಹು ತಡವಾಗಿ, ಬಹು ತುಂಡುತುಂಡಾಗಿ ಬಂದ ಹಕ್ಕು. ಅದು ಬಂದ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಉದ್ದೇಶಿಸಿದ್ದೇವೆ. ವಕೀಲನು ಬೇಕೆಂದು ಕೇಳುವ ಹೊಣೆ ಬಂಧಿತನದೋ, ಬೇಕೇ ಎಂದು ವಿಚಾರಿಸುವ ಹೊಣೆ ರಾಜ್ಯದ್ದೋ ಎಂಬ ಒಂದೇ ಪ್ರಶ್ನೆಯ ಸುತ್ತ ಈ ಚರಿತ್ರೆಯೆಲ್ಲ ಸುತ್ತಿಕೊಂಡಿದೆ ಎಂಬುದು ನಮ್ಮ ಅಭಿಪ್ರಾಯ.

1

ನಮ್ಮ ದಂಡಪ್ರಕ್ರಿಯೆಯ ಬಹುಭಾಗ ಇಂಗ್ಲೆಂಡಿನಿಂದ ಬಂದುದಾದುದರಿಂದ ಮೊದಲು ಅತ್ತ ಕಣ್ಣುಹಾಯಿಸಬೇಕು. ಅಲ್ಲಿನ ಪೂರ್ವಪದ್ಧತಿ ವಿಪರೀತವಾಗಿದ್ದಿತು. ಸಾಲದ ವ್ಯಾಜ್ಯವಿದ್ದವನು ವಕೀಲನನ್ನು ನೇಮಿಸಿಕೊಳ್ಳಬಹುದಾಗಿತ್ತು. ಕೊರಳಿಗೆ ಉರುಲು ಬೀಳಬಹುದಾದ ಘೋರಾಪರಾಧದ ಆಪಾದಿತನು ತನ್ನ ಪರವಾಗಿ ತಾನೇ ಮಾತನಾಡಬೇಕಾಗಿತ್ತು. ನಿರಪರಾಧಿಯ ಸರಳವಾದ ಮಾತೇ ಅವನ ಅತ್ಯುತ್ತಮ ಸಮರ್ಥನೆ, ಉಳಿದುದನ್ನು ನ್ಯಾಯಾಧೀಶನೇ ನೋಡಿಕೊಳ್ಳುವನು ಎಂಬುದು ಇದಕ್ಕೆ ಕೊಡುತ್ತಿದ್ದ ಸಮಾಧಾನ. 1696ರಲ್ಲಿ ರಾಜದ್ರೋಹದ ಆಪಾದಿತರಿಗೆ ಮಾತ್ರ ವಕೀಲರ ಪೂರ್ಣ ನೆರವನ್ನು ಅನುಮತಿಸಿದರು. 1730ರ ದಶಕದಿಂದ ಇತರ ಘೋರಾಪರಾಧಗಳಲ್ಲಿಯೂ ನ್ಯಾಯಾಧೀಶರು ತಮ್ಮ ವಿವೇಚನೆಯಿಂದ ವಕೀಲರಿಗೆ ಸಾಕ್ಷಿಗಳ ಪಾಟೀಸವಾಲಿಗೆ ಎಡೆಗೊಟ್ಟರು. ಆದರೆ ಜ್ಯೂರಿಯನ್ನುದ್ದೇಶಿಸಿ ಆಪಾದಿತನ ಪರವಾಗಿ ಮಾತನಾಡುವ ಅಧಿಕಾರ ವಕೀಲನಿಗೆ ಬಂದುದು 1836ರ ಶಾಸನದಿಂದ.

ಈ ನಿಯಮ ಭಾರತದ ನೆಲದಲ್ಲಿಯೂ ಒಬ್ಬನ ಪಾಲಿಗೆ ಕಠೋರವಾಗಿ ಪರಿಣಮಿಸಿತು. 1775ರಲ್ಲಿ ಕಲಕತ್ತೆಯ ಸುಪ್ರೀಂ ಕೋರ್ಟಿನಲ್ಲಿ ಮಹಾರಾಜ ನಂದಕುಮಾರನ ಮೇಲೆ ಖೋಟಾ ದಸ್ತಾವೇಜಿನ ಆಪಾದನೆ ಬಂದಾಗ ಅವನಿಗೆ ಫ್ಯಾರರ್ ಎಂಬ ಆಂಗ್ಲ ವಕೀಲನಿದ್ದನು. ವಕೀಲನು ಸಾಕ್ಷಿಗಳನ್ನು ಪ್ರಶ್ನಿಸಬಹುದಾಗಿತ್ತು, ಕಾನೂನಿನ ಅಂಶಗಳನ್ನು ವಾದಿಸಬಹುದಾಗಿತ್ತು; ಆದರೆ ಸಾಕ್ಷ್ಯವನ್ನೆಲ್ಲ ಒಟ್ಟುಗೂಡಿಸಿ ಜ್ಯೂರಿಯ ಮುಂದಿಡುವ ಹಾಗಿರಲಿಲ್ಲ. ಇಂಗ್ಲಿಷಿನಲ್ಲಿ ನಡೆದ ವಿಚಾರಣೆಯನ್ನು ದುಭಾಷಿಯ ಮೂಲಕ ಅನುಸರಿಸಬೇಕಾಗಿದ್ದ ಆ ವೃದ್ಧನ ಪರವಾಗಿ ಆ ಮಾತನ್ನು ಆಡುವವರೇ ಇಲ್ಲವಾದರು. 1775ನೆಯ ಇಸವಿ ಆಗಸ್ಟ್ 5ರಂದು ಅವನನ್ನು ಗಲ್ಲಿಗೇರಿಸಲಾಯಿತು. ಆ ವಿಚಾರಣೆಯ ನ್ಯಾಯಾನ್ಯಾಯಗಳನ್ನು ಕುರಿತ ವಾಗ್ವಾದ ಬಹುಕಾಲ ನಡೆಯಿತು. ನಮ್ಮ ಪ್ರಕರಣಕ್ಕೆ ಬೇಕಾದ ಅಂಶ ಇಷ್ಟೇ: ವಕೀಲನಿರುವುದು ಬೇರೆ, ವಕೀಲನಿಗೆ ಬಾಯಿರುವುದು ಬೇರೆ.

2

ಕಂಪೆನಿಯ ಆಡಳಿತದಲ್ಲಿ ವಕೀಲವೃತ್ತಿಗೆ ಕ್ರಮಬದ್ಧ ರೂಪವನ್ನು ಕೊಟ್ಟುದು ಕಾರ್ನ್‌ವಾಲಿಸನ 1793ರ ಏಳನೆಯ ರೆಗ್ಯುಲೇಷನ್. ಅದರ ದೃಷ್ಟಿ ದಿವಾನಿ ವ್ಯಾಜ್ಯಗಳ ಮೇಲೆಯೇ ಹೊರತು ಅಪರಾಧ ವಿಚಾರಣೆಗಳ ಮೇಲಲ್ಲ. 1846ರ ಶಾಸನ ಜಾತಿಮತಗಳ ನಿರ್ಬಂಧವನ್ನು ತೆಗೆದು ವೃತ್ತಿಯ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಕೊನೆಗೆ 1898ರ ದಂಡಪ್ರಕ್ರಿಯಾ ಸಂಹಿತೆಯ 340ನೆಯ ಪ್ರಕರಣ, ಆಪಾದಿತನು ವಕೀಲನ ಮೂಲಕ ಸಮರ್ಥನೆ ಪಡೆಯುವುದನ್ನು ಹಕ್ಕೆಂದೇ ಘೋಷಿಸಿತು. ಆದರೆ ಈ ಹಕ್ಕು ಹಣವುಳ್ಳವನ ಹಕ್ಕಾಗಿ ಉಳಿಯಿತು.

ಹಣದ ಮಾತು ಎಷ್ಟು ನಿರ್ಣಾಯಕವೆಂಬುದಕ್ಕೆ 1908–09ರ ಅಲೀಪುರ ಮೊಕದ್ದಮೆ ಒಳ್ಳೆಯ ನಿದರ್ಶನ. ಅರವಿಂದ ಘೋಷರ ಪರವಾಗಿ ಕೂಡಿಸಿದ ನಿಧಿ ವಿಚಾರಣೆ ಮುಗಿಯುವ ಮೊದಲೇ ಬರಿದಾಯಿತು. ಆಗ ಚಿತ್ತರಂಜನ ದಾಸರು ಪ್ರತಿಫಲವನ್ನು ಲೆಕ್ಕಿಸದೆ ಆ ಭಾರವನ್ನು ಹೊತ್ತರು. 1909ರ ಮೇ ತಿಂಗಳಲ್ಲಿ ಅರವಿಂದರು ಬಿಡುಗಡೆಯಾದರು. ಖ್ಯಾತನಾಮರಿಗೆ ಇಂಥ ವಕೀಲರು ದೊರೆಯಬಹುದು. ಹೆಸರಿಲ್ಲದ ಬಂಧಿತರಿಗೆ ದೊರೆಯುವರೆಂಬ ಭರವಸೆ ಶಾಸನದಲ್ಲಿ ಎಲ್ಲಿಯೂ ಇರಲಿಲ್ಲ.

3

ಸಂವಿಧಾನದ 22ನೆಯ ಅನುಚ್ಛೇದ ಮೊದಲ ಕರಡಿನಲ್ಲಿ ಇರಲಿಲ್ಲವೆಂಬುದನ್ನು ಸಾಮಾನ್ಯವಾಗಿ ಮರೆಯುತ್ತೇವೆ. ವೈಯಕ್ತಿಕ ಸ್ವಾತಂತ್ರ್ಯವನ್ನು 'ಕಾನೂನಿನಿಂದ ಸ್ಥಾಪಿತವಾದ ಕ್ರಮ'ಕ್ಕೆ ಒಪ್ಪಿಸಿದ್ದು ಸಾಲದೆಂಬ ಅಸಮಾಧಾನ ಸಂವಿಧಾನ ಸಭೆಯಲ್ಲಿ ಪ್ರಬಲವಾಗಿದ್ದಿತು. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಲೆಂದು ಡಾ. ಅಂಬೇಡ್ಕರರು 1949ನೆಯ ಸೆಪ್ಟೆಂಬರ್ 15ರಂದು 15-ಎ ಎಂಬ ಹೊಸ ಅನುಚ್ಛೇದವನ್ನು ಮಂಡಿಸಿದರು. ಬಂಧನದ ಕಾರಣವನ್ನು ತಿಳಿಸಬೇಕು, ತನ್ನ ಆಯ್ಕೆಯ ನ್ಯಾಯವಾದಿಯೊಡನೆ ಸಮಾಲೋಚಿಸುವ ಹಾಗೂ ಅವನಿಂದ ಸಮರ್ಥನೆ ಪಡೆಯುವ ಹಕ್ಕನ್ನು ನಿರಾಕರಿಸಕೂಡದು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ಮೂರು ರಕ್ಷೆಗಳು ಹೀಗೆ ಮೂಲಭೂತ ಹಕ್ಕುಗಳಾದುವು. ನಿವಾರಕ ಬಂಧನಕ್ಕೆ ಒಳಗಾದವರಿಗೆ ಮಾತ್ರ ಇವು ಅನ್ವಯಿಸವು. ಈ ಅಪವಾದ ಇಂದಿಗೂ ಉಳಿದಿದೆ.

'ನಿರಾಕರಿಸಕೂಡದು' ಎಂಬ ಕ್ರಿಯಾಪದವನ್ನು ಗಮನಿಸಬೇಕು. ಅದು ತಡೆಯಬಾರದೆಂದು ಹೇಳುತ್ತದೆ, ಒದಗಿಸಬೇಕೆಂದು ಹೇಳುವುದಿಲ್ಲ. ಈ ಅಂತರದ ಪರಿಣಾಮ ಕೂಡಲೇ ಕಂಡುಬಂದಿತು. 1948ರ ಪೋಲೀಸ್ ಕಾರ್ಯಾಚರಣೆಯ ತರುವಾಯ ಹೈದರಾಬಾದು ಸಂಸ್ಥಾನದಲ್ಲಿ ವಿಶೇಷ ನ್ಯಾಯಮಂಡಲಿಗಳು ನೇಮಕವಾದುವು. ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳೂ ಆಗ ಆ ಸಂಸ್ಥಾನದಲ್ಲಿಯೇ ಇದ್ದುವು. ತೆಲಂಗಾಣದ ಹೋರಾಟಕ್ಕೆ ಸಂಬಂಧಿಸಿದ ಕೊಲೆ ಆಪಾದನೆಗಳಲ್ಲಿ ಮರಣದಂಡನೆ ಪಡೆದ ಕೆಲವರು, ತಮಗೆ ವಕೀಲರನ್ನು ಪಡೆಯುವ ಅವಕಾಶವೇ ದೊರೆಯಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದಲ್ಲಿ ದೂರಿಕೊಂಡರು. ಇಂಗ್ಲೆಂಡಿನಿಂದ ಡಿ. ಎನ್. ಪ್ರಿಟ್ ಅವರು ಬಂದು ವಾದಿಸಿದರು. 1932ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪವೆಲ್ ಪ್ರಕರಣದಲ್ಲಿ ಹೇಳಿದ ತತ್ತ್ವ ಚರ್ಚೆಗೆ ಬಂದಿತು. ಆದರೆ ಮರಣದಂಡನೆಯ ಪ್ರಕರಣವಾದರೂ ವಕೀಲನಿಲ್ಲದಿದ್ದ ಮಾತ್ರಕ್ಕೆ ವಿಚಾರಣೆ ಅಸಿಂಧುವಾಗದೆಂದು ನ್ಯಾಯಾಲಯ ತೀರ್ಮಾನಿಸಿತು. ಅದೇ 1951ರ ತಾರಾಸಿಂಗ್ ಪ್ರಕರಣದಲ್ಲಿ ವಕೀಲನು ಬೇಕೆಂದು ಕೇಳುವುದು ಆಪಾದಿತನ ಕರ್ತವ್ಯ, ಅವಕಾಶ ಕೊಡುವುದಷ್ಟೇ ಮ್ಯಾಜಿಸ್ಟ್ರೇಟರ ಕರ್ತವ್ಯ ಎಂಬ ಮಾತು ಬಂದಿತು. ಅತ್ತ ಮಗುವಿಗೆ ಮಾತ್ರ ಹಾಲು ಎಂಬುದೇ ಇದರ ಸಾರ. ಅಳಲು ಬಾರದ ಮಗುವಿನ ಗತಿಯೇನೆಂಬ ಪ್ರಶ್ನೆಗೆ ಉತ್ತರ ದೊರೆಯಲು ಮುಂದೆ ಸುಮಾರು ಮೂರು ದಶಕಗಳು ಬೇಕಾದುವು.

4

ಪರಿವರ್ತನೆಯ ಗಾಳಿ ಬೀಸಿದುದು 1970ರ ದಶಕದಲ್ಲಿ. ಹೊಸ ದಂಡಪ್ರಕ್ರಿಯಾ ಸಂಹಿತೆ 1973ರಲ್ಲಿ ಅಂಗೀಕೃತವಾಗಿ, ಸೆಷನ್ಸ್ ವಿಚಾರಣೆಯಲ್ಲಿ ನಿರ್ಗತಿಕ ಆಪಾದಿತನಿಗೆ ಸರ್ಕಾರದ ವೆಚ್ಚದಲ್ಲಿ ವಕೀಲನನ್ನು ಕೊಡಬೇಕೆಂದು ವಿಧಿಸಿತು. 1976ರ 42ನೆಯ ತಿದ್ದುಪಡಿ 39-ಎ ಅನುಚ್ಛೇದದ ಮೂಲಕ ಉಚಿತ ಕಾನೂನು ನೆರವನ್ನು ರಾಜ್ಯನೀತಿಯ ತತ್ತ್ವವಾಗಿ ಸೇರಿಸಿತು.

1978ರ ಎರಡು ತೀರ್ಪುಗಳು, ಎರಡೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರವು, ಇಲ್ಲಿ ಮುಖ್ಯ. ಒಂದು ಒರಿಸ್ಸದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿಯವರ ಪ್ರಕರಣ. ವಕೀಲನ ಅಗತ್ಯ ನ್ಯಾಯಾಲಯದ ಕಟಕಟೆಯಲ್ಲಿ ಮಾತ್ರವಲ್ಲ, ಪೋಲೀಸರ ಪ್ರಶ್ನೆಗಳ ಮುಂದೆಯೂ ಉಂಟೆಂದು ಅದು ಸಾರಿತು. ಇನ್ನೊಂದು ನಮಗೆ ಹತ್ತಿರದ ಸಂಗತಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಖೋಟಾ ಮೊಹರು ಮಾಡಿಸಲು ಯತ್ನಿಸಿದ ಆಪಾದನೆ ಹೊತ್ತ ಒಬ್ಬ ಅಧ್ಯಾಪಕನ ಪ್ರಕರಣ ಅದು. ಅವನ ಮೇಲ್ಮನವಿ ನಿಲ್ಲಲಿಲ್ಲ. ಆದರೆ ತೀರ್ಪಿನ ಪ್ರತಿಯನ್ನು ಕೈದಿಗೆ ಕಾಲಕ್ಕೆ ಸರಿಯಾಗಿ ಉಚಿತವಾಗಿ ಕೊಡಬೇಕು, ಮೇಲ್ಮನವಿಗೆ ಶಕ್ತಿಯಿಲ್ಲದವನಿಗೆ ವಕೀಲನನ್ನು ಒದಗಿಸಬೇಕು ಎಂಬ ನಿಯಮ ಆ ಸೋತ ಅರ್ಜಿಯಿಂದಲೇ ಹುಟ್ಟಿತು.

1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಹುಸೇನಾರಾ ಖಾತೂನ್ ಪ್ರಕರಣ ಉಚಿತ ಕಾನೂನು ನೆರವನ್ನು ಜೀವಿಸುವ ಹಕ್ಕಿನ ಅಂಗವಾಗಿ ಕಂಡಿತು. ಅನಂತರ ಬಂದುದು ಭಾಗಲ್ಪುರದ ಘೋರ ಪ್ರಕರಣ. ಪೋಲೀಸರ ವಶದಲ್ಲಿ ಕಣ್ಣು ಕಳೆದುಕೊಂಡ ಕೈದಿಗಳು ಮ್ಯಾಜಿಸ್ಟ್ರೇಟರ ಮುಂದೆ ಬಂದಾಗ ಅವರಿಗೆ ವಕೀಲರಿರಲಿಲ್ಲ. ಅವರು ಕೇಳಲಿಲ್ಲವೆಂಬುದೇ ಅದಕ್ಕೆ ಕೊಟ್ಟ ಕಾರಣ. ಕೇಳಬಹುದೆಂಬುದನ್ನೇ ಅರಿಯದವನು ಕೇಳುವುದೆಂತು? 1981ರ ವರದಿಗಳಲ್ಲಿ ಪ್ರಕಟವಾದ ಈ ತೀರ್ಪು, ಬಂಧಿತನನ್ನು ಮೊದಲ ಬಾರಿ ಹಾಜರುಪಡಿಸಿದಾಗಲೇ ಈ ಹಕ್ಕನ್ನು ತಿಳಿಸುವುದು ಮ್ಯಾಜಿಸ್ಟ್ರೇಟರ ಹೊಣೆಯೆಂದು ಸ್ಪಷ್ಟಪಡಿಸಿತು. 1986ರ ಸುಖದಾಸ್ ಪ್ರಕರಣದಲ್ಲಿ, ನೆರವನ್ನು ಕೇಳದೆ ವಕೀಲನಿಲ್ಲದೆ ಶಿಕ್ಷೆ ಹೊಂದಿದವನ ಶಿಕ್ಷೆಯನ್ನೇ ನ್ಯಾಯಾಲಯ ರದ್ದುಪಡಿಸಿತು. ಕೇಳುವ ಭಾರ ಹೀಗೆ ಬಂಧಿತನ ಹೆಗಲಿನಿಂದ ಇಳಿಯಿತು. 2012ರಲ್ಲಿ, ದೇಶವೆಲ್ಲ ದ್ವೇಷಿಸಿದ ಮುಂಬಯಿ ದಾಳಿಯ ಅಪರಾಧಿಯ ಪ್ರಕರಣದಲ್ಲಿಯೇ, ಈ ಹಕ್ಕನ್ನು ತಿಳಿಸದ ಮ್ಯಾಜಿಸ್ಟ್ರೇಟರು ಕರ್ತವ್ಯಲೋಪಕ್ಕೆ ಗುರಿಯಾಗುವರೆಂದು ಸರ್ವೋಚ್ಚ ನ್ಯಾಯಾಲಯ ಎಚ್ಚರಿಸಿತು.

5

ತತ್ತ್ವ ಇಷ್ಟು ಬೆಳೆದ ಮೇಲೆ ಅದು ಸಾಮಾನ್ಯ ಪ್ರಕರಣದಲ್ಲಿ ಹೇಗೆ ನಡೆಯುವುದೆಂಬುದನ್ನು ನೋಡೋಣ. ಕುಡಿದು ವಾಹನ ನಡೆಸಿದ ಆಪಾದನೆಯನ್ನೇ ತೆಗೆದುಕೊಳ್ಳಬಹುದು. 1939ರ ಮೋಟಾರು ವಾಹನ ಶಾಸನ, ವಾಹನವನ್ನು ಹತೋಟಿಯಲ್ಲಿಡಲಾರದಷ್ಟು ಅಮಲನ್ನು ಅಪರಾಧವೆಂದಿತ್ತು. ಅಂದರೆ ನಿರ್ಣಯ ಸಾಕ್ಷಿಯ ಕಣ್ಣಿಗೆ ಬಿಟ್ಟುದು. 1988ರ ಶಾಸನದ 185ನೆಯ ಪ್ರಕರಣ ಮದ್ಯದ ಮಟ್ಟಿಗೆ ಇದನ್ನು ಅಳತೆಗೆ ಇಳಿಸಿತು: 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗೆ ಮೀರಿದ ಮದ್ಯಸಾರ. 2019ರ ತಿದ್ದುಪಡಿಯಂತೆ ಮೊದಲ ಅಪರಾಧಕ್ಕೆ ಆರು ತಿಂಗಳವರೆಗಿನ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ; ಮರುಕಳಿಸಿದರೆ ಎರಡು ವರ್ಷದವರೆಗಿನ ಸೆರೆ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ.

ಇಂಥ 'ಚಿಕ್ಕ' ಪ್ರಕರಣಕ್ಕೆ ವಕೀಲನೇಕೆಂದು ಹಲವರು ತಪ್ಪೊಪ್ಪಿ ದಂಡ ಕಟ್ಟಿ ಹೊರಡುವುದುಂಟು. ಆದರೆ ಅದೇ ಶಾಸನದ 202ನೆಯ ಪ್ರಕರಣವನ್ನು ಓದಿದವರು ಬಹು ವಿರಳ. ಹೀಗೆ ಬಂಧಿಸಿದವನನ್ನು ಎರಡು ಗಂಟೆಗಳೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು. ಇಲ್ಲವಾದರೆ ವಶದಿಂದ ಬಿಡಬೇಕು. ಆದ್ದರಿಂದ ವಕೀಲನ ಮೊದಲ ಕೆಲಸ ವಾಕ್ಚಾತುರ್ಯವಲ್ಲ, ಬಂಧನದ ವೇಳೆ ಮತ್ತು ಪರೀಕ್ಷೆಯ ವೇಳೆ ಎಂಬ ಎರಡು ಗಳಿಗೆಗಳನ್ನು ಕಾಗದದ ಮೇಲೆ ಹುಡುಕುವುದು. ಅಪರಾಧ ಜಾಮೀನಿಗೆ ಅರ್ಹವಾದುದೆಂದು ತಿಳಿಸುವುದು, ತಪ್ಪೊಪ್ಪಿಗೆಯ ಮುಂದಿನ ಫಲವನ್ನು ವಿವರಿಸುವುದು ಇವು ಅನಂತರದವು. ತಪ್ಪು ಮಾಡಿದವನನ್ನು ಪಾರುಮಾಡುವ ಉಪಾಯವಿದಲ್ಲ. ರಸ್ತೆಯಲ್ಲಿ ಇತರರ ಪ್ರಾಣಕ್ಕೆ ಎರವಾಗುವವನಿಗೆ ಶಿಕ್ಷೆಯಾಗಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ; ಆ ಶಿಕ್ಷೆ ಶಾಸನದ ಹಾದಿಯಲ್ಲಿಯೇ ಬರಬೇಕೆಂಬುದಷ್ಟೇ ಇಲ್ಲಿನ ಆಗ್ರಹ.

ವಕೀಲನನ್ನು ಗೊತ್ತುಮಾಡಿಕೊಳ್ಳುವ ವಿಷಯದಲ್ಲಿಯೂ ಕೆಲವು ನಿಯಮಗಳನ್ನು ಅರಿತಿರುವುದು ಲೇಸು. ನಮ್ಮ ದೇಶದಲ್ಲಿ ವಕೀಲರು ಜಾಹೀರಾತಿನಿಂದ ಕಕ್ಷಿಗಾರರನ್ನು ಸೆಳೆಯುವಂತಿಲ್ಲ; ಗೆಲವಿನ ಮೇಲೆ ಅವಲಂಬಿಸಿದ ಶುಲ್ಕವನ್ನು ಗೊತ್ತುಪಡಿಸುವಂತೆಯೂ ಇಲ್ಲ. ಆದುದರಿಂದ ಬಿಡುಗಡೆಯ ಖಾತರಿ ಕೊಟ್ಟು ಹಣ ಕೇಳುವವನು ವೃತ್ತಿಧರ್ಮಕ್ಕೆ ಹೊರಗಿನವನೆಂದು ತಿಳಿಯಬೇಕು. ಕಕ್ಷಿಗಾರನು ತನ್ನ ವಕೀಲನಿಗೆ ನಂಬಿ ಹೇಳಿದ ಮಾತಿಗೆ ಸಾಕ್ಷ್ಯಶಾಸನದ ರಕ್ಷೆಯಿದೆ. ಹಣವಿಲ್ಲದವನಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಶಾಸನದ ಆಶ್ರಯವಿದೆ. ವಶದಲ್ಲಿರುವ ವ್ಯಕ್ತಿ ಆದಾಯವೆಷ್ಟಿದ್ದರೂ ಉಚಿತ ನೆರವಿಗೆ ಅರ್ಹನು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 341ನೆಯ ಪ್ರಕರಣ ಸರ್ಕಾರಿ ವೆಚ್ಚದ ವಕೀಲನನ್ನು ಸೆಷನ್ಸ್ ವಿಚಾರಣೆಗೆ ಸೀಮಿತಗೊಳಿಸದೆ ವಿಚಾರಣೆ ಮತ್ತು ಮೇಲ್ಮನವಿಗಳೆರಡಕ್ಕೂ ವಿಸ್ತರಿಸಿದೆ. ಅದೇ ಸಂಹಿತೆಯ 38ನೆಯ ಪ್ರಕರಣದಂತೆ ಪೋಲೀಸ್ ವಿಚಾರಣೆಯ ಕಾಲದಲ್ಲಿ ವಕೀಲನನ್ನು ಕಾಣಬಹುದು, ಆದರೆ ಉದ್ದಕ್ಕೂ ಅವನು ಜೊತೆಯಲ್ಲಿರುವಂತಿಲ್ಲ.

6

ಇಷ್ಟಾದರೂ ಹಕ್ಕಿಗೆ ಹೊಸ ಅಡ್ಡಿಗಳು ಹುಟ್ಟುತ್ತಲೇ ಇವೆ. ಕೆಲವೊಮ್ಮೆ ಅವು ವಕೀಲವರ್ಗದಿಂದಲೇ ಹುಟ್ಟುತ್ತವೆ. ಇಂಥವರ ಪರ ಯಾರೂ ವಾದಿಸಬಾರದೆಂಬ ವಕೀಲರ ಸಂಘಗಳ ನಿರ್ಣಯಗಳು ಅಸಿಂಧುವೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತ್ತು. ಹಾಗಿದ್ದೂ 2020ರಲ್ಲಿ ಹುಬ್ಬಳ್ಳಿಯಲ್ಲಿ ರಾಜದ್ರೋಹದ ಆಪಾದನೆ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅಂಥದೇ ನಿರ್ಣಯವಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಆಕ್ಷೇಪಿಸಿತು. ಬೆಂಗಳೂರಿನಿಂದ ಹೊರಟ ವಕೀಲರು ಪೋಲೀಸ್ ರಕ್ಷಣೆಯಲ್ಲಿ ಧಾರವಾಡದ ನ್ಯಾಯಾಲಯವನ್ನು ತಲಪಬೇಕಾಯಿತು.

ಇನ್ನೊಂದು ಅಡ್ಡಿ ಭಾಷೆಯದು. 2025ರ ನವೆಂಬರಿನಲ್ಲಿ, ಮುಂಬಯಿಯ ಒಂದು ವಾಹನಾಪಘಾತದಿಂದ ಹುಟ್ಟಿದ ಪ್ರಕರಣದಲ್ಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ತನ್ನ ಮೇಲಿನ ಆಪಾದನೆಯೇ ಅರ್ಥವಾಗದವನು ವಕೀಲನಿಗೆ ಹೇಳುವುದಾದರೂ ಏನನ್ನು? ದುಭಾಷಿಯ ಬಾಯಿಂದ ತನ್ನ ವಿಚಾರಣೆಯನ್ನು ಕೇಳಿದ ನಂದಕುಮಾರನ ಕಾಲದಿಂದ ಈ ನಿಯಮದವರೆಗೆ 250 ವರ್ಷಗಳು ಕಳೆದಿವೆ.

ಇದುವರೆಗಿನ ನಿರೂಪಣೆಯಿಂದ ಒಂದು ಮಾತು ಸಿದ್ಧವಾಗುತ್ತದೆ. ಈ ಹಕ್ಕಿನ ಪ್ರತಿಯೊಂದು ವಿಸ್ತರಣೆಯೂ ಜನಪ್ರಿಯನಲ್ಲದ ಬಂಧಿತನೊಬ್ಬನ ಮೂಲಕವೇ ಬಂದಿದೆ: ಖೋಟಾ ಮೊಹರಿನ ಅಧ್ಯಾಪಕ, ಭಾಗಲ್ಪುರದ ಕೈದಿಗಳು, ಭಯೋತ್ಪಾದಕ, ಅಪಘಾತದ ಆಪಾದಿತ. ಅವರ ಮೂಲಕ ಬಂದ ಹಕ್ಕು ಇಂದು ಗ್ರಂಥದಲ್ಲಿ ನೆಲೆಯಾಗಿದೆ. ಅದು ತಾಲ್ಲೂಕಿನ ಠಾಣೆಯವರೆಗೆ ನಡೆದುಬರುವುದು, ಬೇಕೇ ಎಂದು ಕೇಳಬೇಕಾದವರು ಬಾಯಿಬಿಟ್ಟು ಕೇಳುವುದನ್ನೇ ಅವಲಂಬಿಸಿದೆ.